ಒಲೆಯ ಲೆಕ್ಕ

ಈ ಪದಗಳನ್ನು ಮೊದಲು ಓದಿ:
ಸೌದೆ – ಹೊಗೆ – ಉರಿ – ಒಲೆ – ಕೂಲಿ – ಸಹಾಯಧನ – ಪಾಸ್‌ಬುಕ್

ಅಕ್ಕಂದಿರೇ,

ನಮ್ಮ ಉಯ್ಯಂಬಳ್ಳಿ ಹೋಬಳಿಯಲ್ಲಿ ರಾಗಿ ಬೆಳೆಯುತ್ತೇವೆ. ರೇಷ್ಮೆ ಹುಳು ಸಾಕುತ್ತೇವೆ. ದನ, ಕುರಿ ಸಾಕುತ್ತೇವೆ. ಬೀಜಕ್ಕೆ ಎಷ್ಟು, ಗೊಬ್ಬರಕ್ಕೆ ಎಷ್ಟು, ಹಬ್ಬಕ್ಕೆ ಎಷ್ಟು ಎಂದು ನಿಮ್ಮನ್ನು ಕೇಳಿದರೆ ಬಾಯಲ್ಲೇ ಲೆಕ್ಕ ಹೇಳುತ್ತೀರಿ. ಆದರೆ ಒಲೆಗೆ ಎಷ್ಟು? ಈ ಲೆಕ್ಕವನ್ನು ಯಾರೂ ಇಟ್ಟಿಲ್ಲ. "ಸೌದೆಗೇನು ದುಡ್ಡು ಕೊಡ್ತೀವಾ?" ಅಂತೀವಿ.

ಸೌದೆ ನಿಜವಾಗಿಯೂ ಪುಕ್ಕಟೆಯೇ? ಇವತ್ತು ಆ ಲೆಕ್ಕ ಹಾಕೋಣ.

ಸೌದೆಯ ಬೆಲೆ

ಒಂದು ಹೊರೆ ಸೌದೆ ಆರಿಸಿ, ಕಟ್ಟಿ, ಹೊತ್ತು ತರಲು ಅರ್ಧ ದಿನ ಬೇಕು ಎಂದುಕೊಳ್ಳಿ. ವಾರಕ್ಕೆ ಎರಡು ಸಲ ಹೋದರೆ ಒಂದು ದಿನ ಆಯಿತು. ವರ್ಷಕ್ಕೆ 52 ವಾರ. ಅಂದರೆ 52 ದಿನ. ಅಷ್ಟು ದಿನದ ಕೂಲಿ ಎಷ್ಟಾಗುತ್ತದೆ? ನಿಮ್ಮೂರಿನ ಕೂಲಿ ದರ ಹಾಕಿ ಗುಣಿಸಿ ನೋಡಿ.

ಸುತ್ತಿನ ಕಾಡು ಕಾವೇರಿ ವನ್ಯಧಾಮಕ್ಕೆ ಸೇರಿದೆ. 1987ರಲ್ಲಿ ಅದನ್ನು ವನ್ಯಧಾಮ ಎಂದು ಘೋಷಿಸಿದರು. ಅಲ್ಲಿ ಮರ ಕಡಿಯುವಂತಿಲ್ಲ. ಆನೆಗಳೂ ಇವೆ. ಸೌದೆಗೆ ಹೋದವರು ಮನೆಗೆ ಬರುವ ತನಕ ಜೀವ ಕೈಯಲ್ಲಿ.

ಹೊಗೆಯ ಬೆಲೆ

ಒಲೆಯ ಹೊಗೆಯಲ್ಲಿ ಕಣ್ಣಿಗೆ ಕಾಣುವ ಮಸಿ ಇದೆ. ಕಣ್ಣಿಗೆ ಕಾಣದ ಸಣ್ಣ ಕಣಗಳೂ ವಿಷದ ಗಾಳಿಯೂ ಇವೆ. ಅವು ಎದೆಗೆ ಇಳಿಯುತ್ತವೆ. ಕೆಮ್ಮು, ದಮ್ಮು ಬರುತ್ತವೆ. ಕಣ್ಣಿಗೆ ಪೊರೆ ಬರುವ ಅಪಾಯ ಹೆಚ್ಚುತ್ತದೆ. ಸೆರಗು ಹಿಡಿದು ಒಲೆ ಮುಂದೆ ಕೂರುವ ಮಗುವಿಗೆ ನ್ಯುಮೋನಿಯಾ ತಗುಲುವ ಭಯ ಜಾಸ್ತಿ. ಬಸುರಿ ಹೊಗೆ ಕುಡಿದರೆ ಹುಟ್ಟುವ ಕೂಸಿನ ತೂಕ ಕಡಿಮೆಯಾಗಬಹುದು.

ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಪ್ರಪಂಚದಲ್ಲಿ ಸುಮಾರು 32 ಲಕ್ಷ ಜನ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಹಾಗಾದರೆ ಸೌದೆ ಪುಕ್ಕಟೆಯಲ್ಲ. ಅದರ ಬೆಲೆಯನ್ನು ಹೆಂಗಸರು ಮೈಯಿಂದ ಕೊಡುತ್ತಿದ್ದಾರೆ.

ಉರಿಯ ಬಡತನ

ಊಟಕ್ಕೆ ಬಡತನ ಇದ್ದ ಹಾಗೆ ಉರಿಗೂ ಬಡತನ ಇದೆ. ಇಂಗ್ಲೆಂಡಿನಂಥ ಚಳಿ ದೇಶದಲ್ಲಿ ಬಡವರಿಗೆ ಮನೆ ಬೆಚ್ಚಗೆ ಇಟ್ಟುಕೊಳ್ಳುವುದೇ ಕಷ್ಟ. ಅಲ್ಲಿ ಗೋಡೆಗೂ ಅಟ್ಟಕ್ಕೂ ದಪ್ಪ ಹೊದಿಕೆ ಹಾಕಿಸಲು ಸರ್ಕಾರ ನೆರವು ಕೊಡುತ್ತದೆ. ಒಳಗಿನ ಬಿಸಿ ಹೊರಗೆ ಹೋಗದಿದ್ದರೆ ಕಡಿಮೆ ಇಂಧನ ಸಾಕು. ನಮಗೆ ಅಷ್ಟು ಚಳಿ ಇಲ್ಲ. ನಮ್ಮ ಕಷ್ಟ ಬೇಯಿಸುವುದು, ನೀರು ಕಾಯಿಸುವುದು. ಇದಕ್ಕೂ ಸರ್ಕಾರದ ನೆರವು ಇದೆ.

ನೆರವು ಬಂದ ದಾರಿ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ವಿಭಾಗ ಶುರುವಾಯಿತು. ಹಳ್ಳಿಗೆ ಬೇಕಾದ ವಿಜ್ಞಾನ ಅದರ ಕೆಲಸ. ಅಲ್ಲಿಯವರು 'ಅಸ್ತ್ರ ಒಲೆ' ಮಾಡಿದರು. ಮೂರು ಪಾತ್ರೆ ಇಡಬಹುದು. ಹೊಗೆ ಕೊಳವೆಯಿಂದ ಹೊರಗೆ ಹೋಗುತ್ತದೆ. ಸೌದೆ ಬಹಳ ಉಳಿಯುತ್ತದೆ.

ದೇಶದಲ್ಲಿ 1981-82ರಲ್ಲಿ ಗೋಬರ್ ಗ್ಯಾಸ್ ಯೋಜನೆ ಬಂತು. 1983-84ರಲ್ಲಿ ಸುಧಾರಿತ ಒಲೆ ಯೋಜನೆ ಬಂತು. ಒಲೆ ಕಟ್ಟಲು ಸರ್ಕಾರ ಹಣ ಕೊಟ್ಟಿತು. ಕೆಲವು ಕಡೆ ಅಳತೆ ತಪ್ಪಿ ಕಟ್ಟಿದರು. ಕೊಳವೆಯಲ್ಲಿ ಮಸಿ ಕಟ್ಟಿಕೊಂಡರೆ ತೆಗೆಯುವವರಿಲ್ಲ. 2002ರಲ್ಲಿ ಒಲೆ ಯೋಜನೆ ನಿಂತಿತು.

2016ರ ಮೇ 1ರಂದು ಉಜ್ವಲಾ ಯೋಜನೆ ಶುರುವಾಯಿತು. ಇದರಲ್ಲಿ ಗ್ಯಾಸ್ ಸಂಪರ್ಕ ಬಡ ಮನೆಯ ಹೆಂಗಸಿನ ಹೆಸರಿಗೇ ಬರುತ್ತದೆ. ಗಂಡನ ಹೆಸರಿಗಲ್ಲ. ಸಿಲಿಂಡರಿನ ಠೇವಣಿ ಕಟ್ಟಬೇಕಾಗಿಲ್ಲ. 2021ರಲ್ಲಿ ಎರಡನೇ ಹಂತ ಬಂದಾಗ ಒಲೆಯನ್ನೂ ಮೊದಲ ತುಂಬಿದ ಸಿಲಿಂಡರನ್ನೂ ಉಚಿತವಾಗಿ ಕೊಟ್ಟರು.

ಅತ್ತೆ ಸೊಸೆ ಮಾತು

ಸೊಸೆ: ಅತ್ತೆ, ಸಿಲಿಂಡ್ರು ಮೂಲೇಲಿ ಕುಂತದೆ. ಇನ್ನೂ ಸೌದೆ ಒಲೇನೇ ಊದ್ತೀವಲ್ಲ?

ಅತ್ತೆ: ಕೊಟ್ಟಿದ್ದೇನೋ ಸುಮ್ಮನೆ ಕೊಟ್ರು. ತುಂಬ್ಸಾಕೆ ದುಡ್ಡೆಲ್ಲಿ ತರಾಣವ್ವ?

ಸೊಸೆ: ತುಂಬಿಸಿದ ಮೇಲೆ ಸರ್ಕಾರ ಒಂದಿಷ್ಟು ವಾಪಸ್ ಹಾಕ್ತದಂತೆ.

ಅತ್ತೆ: ನಂಗೆ ಯಾರೂ ಕೊಟ್ಟಿಲ್ಲ.

ಸೊಸೆ: ಕೈಗೆ ಕೊಡಲ್ಲ ಅತ್ತೆ. ಬ್ಯಾಂಕಿಗೆ ಬರ್ತದೆ. ನಿಮ್ಮ ಪಾಸ್‌ಬುಕ್ ಎಲ್ಲಿ?

ಅತ್ತೆ: ಪೆಟ್ಟಿಗೇಲಿ ಅದೆ. ಅದ್ನ ಓದೋರು ಯಾರು?

ಸೊಸೆ: ಈಗ ನೀವೇ ಓದ್ತೀರಲ್ಲ!

ಸೊಸೆಯ ಮಾತು ಸರಿ. ಉಜ್ವಲಾ ಸಂಪರ್ಕದವರು ಮೊದಲು ಪೂರ್ತಿ ಬೆಲೆ ಕೊಡಬೇಕು. ಆಮೇಲೆ ಸಹಾಯಧನ ಅವರ ಬ್ಯಾಂಕ್ ಖಾತೆಗೆ ಬರುತ್ತದೆ. 2022ರ ಮೇ ತಿಂಗಳಲ್ಲಿ ಇದು ಸಿಲಿಂಡರಿಗೆ 200 ರೂಪಾಯಿ ಇತ್ತು. 2023ರ ಅಕ್ಟೋಬರಿನಲ್ಲಿ 300 ರೂಪಾಯಿ ಆಯಿತು. 2025-26ನೇ ಸಾಲಿಗೆ 9 ಸಿಲಿಂಡರಿನವರೆಗೆ ಎಂದು ಗೊತ್ತುಮಾಡಿದರು. ಮೊತ್ತವೂ ಮಿತಿಯೂ ಬದಲಾಗುತ್ತವೆ. ಈ ವರ್ಷ ಎಷ್ಟು ಎಂದು ಗ್ಯಾಸ್ ಏಜೆನ್ಸಿಯಲ್ಲಿ ಕೇಳಿ.

ಹಣ ಬಂದಿಲ್ಲವೇ? ಪಾಸ್‌ಬುಕ್ಕಿನಲ್ಲಿ ನಮೂದು ಹಾಕಿಸಿ ನೋಡಿ. ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆ ಆಗಿದೆಯೇ, ಏಜೆನ್ಸಿಯಲ್ಲಿ ದೃಢೀಕರಣ ಆಗಿದೆಯೇ ಕೇಳಿ. ದೊಡ್ಡ ಸಿಲಿಂಡರಿಗೆ ಒಂದೇ ಸಲ ಹಣ ಹೊಂದಿಸುವುದು ಕಷ್ಟವಾದರೆ 5 ಕೆ.ಜಿ. ಸಿಲಿಂಡರ್ ಬೇಕೆಂದು ಕೇಳಬಹುದು.

ಇನ್ನೂ ಸಂಪರ್ಕ ಇಲ್ಲದವರು ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್ ತೆಗೆದುಕೊಂಡು ಏಜೆನ್ಸಿಗೆ ಹೋಗಿ. ಹೊಸ ಸಂಪರ್ಕ ಕೊಡುತ್ತಿದ್ದಾರೆಯೇ ವಿಚಾರಿಸಿ. ಅರ್ಜಿ ಹಾಕುವವರಿಗೆ 18 ವರ್ಷ ತುಂಬಿರಬೇಕು. ಮನೆಯಲ್ಲಿ ಬೇರೆ ಯಾರ ಹೆಸರಿನಲ್ಲೂ ಗ್ಯಾಸ್ ಇರಬಾರದು.

ಸಿಲಿಂಡರನ್ನೂ ಓದಿ

ಸಿಲಿಂಡರಿನ ಮೇಲೆ ಖಾಲಿ ತೂಕ ಬರೆದಿರುತ್ತದೆ. ದೊಡ್ಡ ಸಿಲಿಂಡರಿನಲ್ಲಿ 14.2 ಕೆ.ಜಿ. ಗ್ಯಾಸ್ ಇರಬೇಕು. ಖಾಲಿ ತೂಕ 15.3 ಕೆ.ಜಿ. ಎಂದಿದ್ದರೆ ಒಟ್ಟು ತೂಕ 15.3 + 14.2 = 29.5 ಕೆ.ಜಿ. ಅನುಮಾನ ಬಂದರೆ ತೂಕ ಮಾಡಿ ತೋರಿಸಿ ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು.

ಮೇಲಿನ ಪಟ್ಟಿಯ ಒಳಬದಿಯಲ್ಲಿ ಒಂದು ಇಂಗ್ಲಿಷ್ ಅಕ್ಷರ, ಒಂದು ಸಂಖ್ಯೆ ಇರುತ್ತವೆ. ಸಿಲಿಂಡರನ್ನು ಮತ್ತೆ ಪರೀಕ್ಷೆ ಮಾಡಿಸಬೇಕಾದ ಕಾಲ ಅದು.

ಎ – ಜನವರಿಯಿಂದ ಮಾರ್ಚ್
ಬಿ – ಏಪ್ರಿಲ್‌ನಿಂದ ಜೂನ್
ಸಿ – ಜುಲೈಯಿಂದ ಸೆಪ್ಟೆಂಬರ್
ಡಿ – ಅಕ್ಟೋಬರ್‌ನಿಂದ ಡಿಸೆಂಬರ್

'ಬಿ 28' ಎಂದಿದ್ದರೆ 2028ರ ಜೂನ್ ವರೆಗೆ. ಆ ಕಾಲ ದಾಟಿದ ಸಿಲಿಂಡರ್ ಬೇಡ ಎನ್ನಿ.

ಗ್ಯಾಸ್ ವಾಸನೆ ಬಂದರೆ ಕಡ್ಡಿ ಗೀರಬೇಡಿ. ದೀಪದ ಸ್ವಿಚ್ಚು ಮುಟ್ಟಬೇಡಿ. ರೆಗ್ಯುಲೇಟರ್ ಬಂದ್ ಮಾಡಿ. ಬಾಗಿಲು ಕಿಟಕಿ ತೆಗೆದು ಎಲ್ಲರೂ ಹೊರಗೆ ಬನ್ನಿ. 1906ಕ್ಕೆ ಫೋನ್ ಮಾಡಿ.

ಉರಿ ಉಳಿಸಿ

ಸೌದೆಯಾಗಲಿ ಗ್ಯಾಸಾಗಲಿ, ಉಳಿಸಿದರೆ ಹೆಚ್ಚು ದಿನ ಬರುತ್ತದೆ.

1. ಹುರುಳಿ, ಅವರೆ ಕಾಳನ್ನು ರಾತ್ರಿಯೇ ನೆನೆಹಾಕಿ.
2. ಪಾತ್ರೆಗೆ ತಟ್ಟೆ ಮುಚ್ಚಿ.
3. ಹುಲ್ಲಿನ ಬುಟ್ಟಿ ಮಾಡಿ. ದೊಡ್ಡ ಬುಟ್ಟಿಯಲ್ಲಿ ಗೋಣಿ ಹಾಸಿ ಒಣ ಹುಲ್ಲು ಒತ್ತಿ ತುಂಬಿ. ಅನ್ನ ಚೆನ್ನಾಗಿ ಕುದಿ ಬಂದ ಮೇಲೆ ಪಾತ್ರೆಯನ್ನು ಇಳಿಸಿ ಅದರ ನಡುವೆ ಇಡಿ. ಬುಟ್ಟಿ ಒಲೆಯಿಂದ ದೂರ ಇರಲಿ. ಮೇಲೂ ಹುಲ್ಲು, ಗೋಣಿ ಮುಚ್ಚಿ. ಉರಿ ಇಲ್ಲದೆ ಅನ್ನ ಬೇಯುತ್ತದೆ. ಚಳಿ ದೇಶದ ಮನೆಗೆ ಹೊದಿಸುವ ಹೊದಿಕೆಯ ಕೆಲಸವನ್ನೇ ಇಲ್ಲಿ ಹುಲ್ಲು ಮಾಡುತ್ತದೆ. ಮುದ್ದೆಗೆ ಮಾತ್ರ ಇದು ಆಗದು. ಅದನ್ನು ಉರಿಯ ಮೇಲೇ ತಿರುವಬೇಕು!
4. ಎರಡು ಮೂರು ದನ ಇದ್ದವರು ಗೋಬರ್ ಗ್ಯಾಸ್ ಬಗ್ಗೆ ವಿಚಾರಿಸಿ. 1 ಘನ ಮೀಟರ್ ಸ್ಥಾವರಕ್ಕೆ ದಿನಕ್ಕೆ ಸುಮಾರು 25 ಕೆ.ಜಿ. ಸಗಣಿ ಬೇಕು. ಹೊರಬರುವ ಬಗ್ಗಡ ಹಿಪ್ಪುನೇರಳೆ ತೋಟಕ್ಕೆ ಒಳ್ಳೆಯ ಗೊಬ್ಬರ.
5. ಸೌದೆ ಒಲೆ ಬಿಡಲಾಗದಿದ್ದರೆ ಒಣಗಿದ ಸೌದೆ, ಒಣಗಿದ ಹಿಪ್ಪುನೇರಳೆ ಕಡ್ಡಿ ಉರಿಸಿ. ಹೊಗೆ ಹೋಗಲು ದಾರಿ ಇರಲಿ. ಮಗುವನ್ನು ದೂರ ಕೂರಿಸಿ.

ಅಭ್ಯಾಸ

ಬಿಟ್ಟ ಪದ ತುಂಬಿ:
1. ಉಜ್ವಲಾ ಸಂಪರ್ಕ ________ ಹೆಸರಿಗೆ ಬರುತ್ತದೆ.
2. ಗ್ಯಾಸ್ ಸೋರಿದರೆ ________ ಕ್ಕೆ ಫೋನ್ ಮಾಡಬೇಕು.

ಲೆಕ್ಕ ಮಾಡಿ:
1. ಒಂದು ಸಿಲಿಂಡರಿಗೆ 300 ರೂಪಾಯಿಯಂತೆ 9 ಸಿಲಿಂಡರಿಗೆ ಸಹಾಯಧನ ಎಷ್ಟು?
2. ಖಾಲಿ ತೂಕ 16 ಕೆ.ಜಿ. ಇದೆ. ತುಂಬಿದ ಸಿಲಿಂಡರ್ ಎಷ್ಟು ತೂಗಬೇಕು?

ಮಾಡಿ:
ಮುಂದಿನ ತರಗತಿಗೆ ಪಾಸ್‌ಬುಕ್ ತನ್ನಿ. ಅದರಲ್ಲಿ ಗ್ಯಾಸ್ ಹಣ ಬಂದ ತಾರೀಖು ಹುಡುಕಿ ಬರೆಯಿರಿ. ಅದರ ಕೆಳಗೆ ನಿಮ್ಮ ಹೆಸರು ಬರೆದು ಸಹಿ ಮಾಡಿ.

ಚರ್ಚಿಸಿ:
ಮನೆಯಲ್ಲಿ ಎಲ್ಲರೂ ಉಣ್ಣುತ್ತಾರೆ. ಸೌದೆ ತರುವವರು ಯಾರು? ಹೊಗೆ ಕುಡಿಯುವವರು ಯಾರು? ಸಿಲಿಂಡರ್ ತುಂಬಿಸುವ ತೀರ್ಮಾನ ಮಾಡುವವರು ಯಾರು?