ಪದೇ ಪದೇ ಬರುವ ಉರಿಮೂತ್ರ: ಮೊದಲು ಕಲ್ಚರ್, ಆಮೇಲೆ ಮಾತ್ರೆ

ಪ್ರಶ್ನೆ: ನನಗೆ 34 ವರ್ಷ, ಶಾಲಾ ಶಿಕ್ಷಕಿ. ಒಂದು ವರ್ಷದಲ್ಲಿ ನಾಲ್ಕು ಸಲ ಉರಿಮೂತ್ರ ಆಗಿದೆ. ಪ್ರತಿ ಸಲವೂ ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ತಂದು ನುಂಗುತ್ತೇನೆ, ಎರಡು ದಿನಕ್ಕೆ ಕಡಿಮೆಯಾಗುತ್ತದೆ. ಅತ್ತೆಯವರು ಇದು ಉಷ್ಣ, ನೆತ್ತಿಗೆ ಹರಳೆಣ್ಣೆ ಹಚ್ಚು ಎನ್ನುತ್ತಾರೆ. ಬಾರ್ಲಿ ನೀರು ಕುಡಿಯುತ್ತಿದ್ದೇನೆ. ಶಾಶ್ವತ ಪರಿಹಾರ ತಿಳಿಸಿ.
- ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಉರಿಮೂತ್ರದ ಬಗ್ಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ‘ಉಷ್ಣ’ದಿಂದಲೇ ಶುರುವಾಗುತ್ತವೆ. ಈ ನಂಬಿಕೆಯಿಂದ ಎಷ್ಟೋ ಹೆಣ್ಣುಮಕ್ಕಳು ವರ್ಷಗಟ್ಟಲೆ ನರಳಿದ್ದಾರೆ, ಹಾಗಾಗಿ ಸ್ಪಷ್ಟವಾಗಿಯೇ ಹೇಳುತ್ತೇನೆ. ಉಷ್ಣದಿಂದ ಸೋಂಕು ಬರುವುದಿಲ್ಲ. ಇದು ಬ್ಯಾಕ್ಟೀರಿಯಾದ ಕೆಲಸ. ಹೆಚ್ಚಿನ ಸಲ ನಮ್ಮದೇ ಕರುಳಿನಲ್ಲಿರುವ ಇ-ಕೊಲೈ ಮೂತ್ರನಾಳದ ಮೂಲಕ ಮೇಲೇರುತ್ತದೆ. ಹೆಂಗಸರಲ್ಲಿ ಆ ನಾಳ ಸುಮಾರು ನಾಲ್ಕು ಸೆಂಟಿಮೀಟರ್ ಅಷ್ಟೇ. ಹರಳೆಣ್ಣೆ ನೆತ್ತಿಗೆ ತಂಪೆನಿಸಬಹುದು, ಮೂತ್ರಕೋಶದ ಬ್ಯಾಕ್ಟೀರಿಯಾಕ್ಕೆ ಅದರಿಂದ ಏನೂ ಆಗದು. ಬೇಸಿಗೆಯಲ್ಲಿ ನೀರು ಕಡಿಮೆಯಾಗಿ ಮೂತ್ರ ಗಟ್ಟಿಯಾದಾಗ ಸ್ವಲ್ಪ ಉರಿಯುವುದುಂಟು. ಅದು ಬೇರೆ, ಇದು ಬೇರೆ.

ಬಾರ್ಲಿ ನೀರು ಬಿಡಬೇಡಿ. ಅದರ ಗುಣವೆಲ್ಲ ಇರುವುದು ನೀರಿನಲ್ಲೇ. ಬಲ್ಗೇರಿಯಾದಲ್ಲಿ 140 ಮಹಿಳೆಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚು ಕುಡಿದವರಿಗೆ ವರ್ಷದಲ್ಲಿ ಸರಾಸರಿ 1.7 ಸಲ ಸೋಂಕು ಬಂತು, ಕುಡಿಯದವರಿಗೆ 3.2 ಸಲ. ನೀವು ಶಿಕ್ಷಕಿ. ಶಾಲೆಯ ಶೌಚಾಲಯ ಚೆನ್ನಾಗಿಲ್ಲವೆಂದು ಬೆಳಿಗ್ಗೆಯಿಂದ ಸಂಜೆಯವರೆಗೆ ನೀರನ್ನೇ ಮುಟ್ಟದೆ, ಬಂದದ್ದನ್ನೂ ತಡೆದುಕೊಂಡು ಕೂರುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಇನ್ನು ಮೆಡಿಕಲ್ ಶಾಪಿನ ಮಾತ್ರೆ. ಆರು ತಿಂಗಳಲ್ಲಿ ಎರಡು ಸಲ ಅಥವಾ ವರ್ಷದಲ್ಲಿ ಮೂರು ಸಲ ಸೋಂಕು ಬಂದರೆ ಅದನ್ನು ಮರುಕಳಿಸುವ ಸೋಂಕು ಎನ್ನುತ್ತೇವೆ. ನಿಮ್ಮದು ಆ ಗೆರೆ ದಾಟಿದೆ. ಆದರೂ ಯಾವ ಬ್ಯಾಕ್ಟೀರಿಯಾ, ಯಾವ ಔಷಧಿಗೆ ಬಗ್ಗುತ್ತದೆ ಎಂಬುದು ಯಾರಿಗೂ ಗೊತ್ತಿಲ್ಲ. ಮುಂದಿನ ಸಲ ಉರಿ ಶುರುವಾದ ದಿನವೇ, ಮೊದಲ ಮಾತ್ರೆಗೆ ಮುಂಚೆ, ಯೂರಿನ್ ಕಲ್ಚರ್‌ಗೆ ಕೊಡಿ. ಲ್ಯಾಬಿನವರೇ ಕೊಡುವ ಸ್ಟೆರೈಲ್ ಡಬ್ಬಿ ಬೇಕು, ಮನೆಯಲ್ಲಿ ತೊಳೆದಿಟ್ಟ ಬಾಟಲಿ ಬೇಡ. ಮೊದಲ ಧಾರೆ ಬಿಟ್ಟು ನಡುವಿನದ್ದನ್ನು ಹಿಡಿದು ಒಂದೆರಡು ಗಂಟೆಯೊಳಗೆ ತಲುಪಿಸಿ. ಜೊತೆಗೆ ಸಕ್ಕರೆ ಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್ ಆಗಲಿ. ಚಳಿಜ್ವರ, ಪಕ್ಕೆನೋವು, ವಾಂತಿ ಬಂದರೆ ಸೋಂಕು ಕಿಡ್ನಿಗೆ ಏರಿರಬಹುದು. ಆಗ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಮಗಳು ಫಾರ್ಮಸಿ ಓದಿ ಇಂಗ್ಲೆಂಡಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಪದೇ ಪದೇ ಬರುವ ಮೂತ್ರದ ಸೋಂಕಿಗೆ ಔಷಧಿಯನ್ನು ನೇರವಾಗಿ ಮೂತ್ರಕೋಶದೊಳಕ್ಕೇ ಬಿಡುವ ಸಂಶೋಧನೆಯಂತೆ. ನನಗೂ ಆರು ವರ್ಷದಿಂದ ಇದೇ ಕಾಟ. ಮಾತ್ರೆ ನುಂಗಿದರೆ ಸಾಲದೇ? ಅಂಥ ಔಷಧಿ ನಮಗೂ ಸಿಗುತ್ತದೆಯೇ?
- ಒಬ್ಬ ತಾಯಿ, ಧಾರವಾಡ

ಉತ್ತರ: ಮಗಳು ಒಳ್ಳೆಯ ಕೆಲಸಕ್ಕೇ ಕೈಹಾಕಿದ್ದಾಳೆ. ನುಂಗಿದ ಆ್ಯಂಟಿಬಯಾಟಿಕ್ ಮೂತ್ರಕೋಶಕ್ಕೆ ಮಾತ್ರ ಹೋಗುವುದಿಲ್ಲ, ಕರುಳನ್ನೂ ಹಾದುಹೋಗುತ್ತದೆ. ಅಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಔಷಧಿಗೆ ಬಗ್ಗದವು ಬೆಳೆಯುತ್ತವೆ. ಮುಂದಿನ ಸೋಂಕು ಅವುಗಳಿಂದಲೇ ಬರಬಹುದು.

ಇನ್ನೊಂದು ಕಾರಣವೂ ಇದೆ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಸ್ಕಾಟ್ ಹಲ್ಟ್‌ಗ್ರೆನ್ ತಂಡ 2003ರಲ್ಲಿ ಇಲಿಗಳಲ್ಲಿ ತೋರಿಸಿದಂತೆ, ಇ-ಕೊಲೈ ಮೂತ್ರಕೋಶದ ಒಳಪದರದ ಜೀವಕೋಶಗಳೊಳಗೆ ಹೊಕ್ಕು ಅಲ್ಲೇ ಗುಂಪುಕಟ್ಟಿ ಬೆಳೆಯುತ್ತದೆ. 2007ರಲ್ಲಿ, ಸೋಂಕಿದ್ದ ಮಹಿಳೆಯರ ಮೂತ್ರದಲ್ಲಿ ಉದುರಿಬಂದ ಜೀವಕೋಶಗಳಲ್ಲೂ ಅಂಥ ಗುಂಪುಗಳು ಕಂಡವು. ಮೂತ್ರದಲ್ಲಿ ತೇಲುವ ಬ್ಯಾಕ್ಟೀರಿಯಾ ಸಾಯುತ್ತವೆ, ಉರಿ ನಿಲ್ಲುತ್ತದೆ. ಒಳಗೆ ಅವಿತವು ಉಳಿದು ಮತ್ತೆ ಏಳಬಹುದು.

ಒಳಕ್ಕೇ ಔಷಧಿ ಬಿಡುವುದು ಹೊಸ ವಿದ್ಯೆಯಲ್ಲ. ಮೂತ್ರಕೋಶದ ಕ್ಯಾನ್ಸರಿಗೆ ಬಿಸಿಜಿಯನ್ನು ಕ್ಯಾತಿಟರ್ ಮೂಲಕ ಬಿಡುವುದು 1976ರಲ್ಲೇ ವರದಿಯಾಗಿದೆ. ಸೋಂಕಿನಲ್ಲೂ, ಬೇರೆ ಔಷಧಿ ನಾಟದವರಿಗೆ ಜೆಂಟಾಮೈಸಿನ್ ದ್ರಾವಣವನ್ನು ಹೀಗೆ ಬಿಡುತ್ತಾರೆ. ಇಂಜೆಕ್ಷನ್ನಾಗಿ ಕೊಟ್ಟರೆ ಕಿಡ್ನಿ, ಕಿವಿಗೆ ತೊಂದರೆ ಮಾಡಬಲ್ಲ ಈ ಔಷಧಿ ಮೂತ್ರಕೋಶದಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಸವೆದ ಒಳಪದರಕ್ಕೆ ಲೇಪ ಕೊಡುವ ಹಯಲುರಾನಿಕ್ ಆಸಿಡ್ ಮತ್ತು ಕಾಂಡ್ರಾಯ್ಟಿನ್ ಸಲ್ಫೇಟ್ ಮಿಶ್ರಣದಿಂದ ಸೋಂಕು ಕಡಿಮೆಯಾದದ್ದನ್ನು ಇಟಲಿಯ ವೈದ್ಯರು 2011ರಲ್ಲಿ ವರದಿ ಮಾಡಿದ್ದಾರೆ.

ಹಾಗಿದ್ದರೆ ಸಂಶೋಧನೆ ಯಾಕೆ ಬೇಕು? ಬಿಟ್ಟ ಔಷಧಿ ಒಂದೆರಡು ಗಂಟೆಯಲ್ಲಿ ಮೂತ್ರದೊಂದಿಗೆ ಹೊರಗೆ ಹೋಗಿಬಿಡುತ್ತದೆ. ಪ್ರತಿ ಸಲ ಕ್ಯಾತಿಟರ್ ಹಾಕಬೇಕು, ಅದೇ ಇನ್ನೊಂದು ಸೋಂಕಿಗೆ ದಾರಿಯಾಗಬಹುದು. ಮೂತ್ರ ದೇಹಕ್ಕೆ ವಾಪಸ್ ಇಂಗದಂತೆ ತಡೆಯುವ ಒಳಪದರ ಔಷಧಿಯನ್ನೂ ತಡೆಯುತ್ತದೆ. ಈ ಮೂರು ತೊಡಕುಗಳನ್ನು ಬಿಡಿಸುವುದೇ ಮಗಳಂಥವರ ಕೆಲಸ: ಗೋಡೆಗೆ ಅಂಟಿ ನಿಲ್ಲುವ ಜೆಲ್, ನಿಧಾನವಾಗಿ ಔಷಧಿ ಬಿಡುವ ಸೂಕ್ಷ್ಮ ಕ್ಯಾಪ್ಸೂಲ್, ಜೀವಕೋಶದೊಳಗೆ ನುಗ್ಗಬಲ್ಲ ಕಣ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ತಂಡವೊಂದು ಜೆಂಟಾಮೈಸಿನ್ ತುಂಬಿದ ಅಂಥ ಕ್ಯಾಪ್ಸೂಲ್‌ಗಳ ಬಗ್ಗೆ 2013ರಲ್ಲೇ ಬರೆದಿದೆ. ಮೂತ್ರಕೋಶದಲ್ಲಿ ಮೂರು ವಾರ ಇದ್ದು ಔಷಧಿ ಬಿಡುವ ಸಾಧನಕ್ಕೆ ಅಮೆರಿಕದಲ್ಲಿ 2025ರಲ್ಲಿ ಒಪ್ಪಿಗೆ ಸಿಕ್ಕಿದೆ. ಅದು ಕ್ಯಾನ್ಸರಿಗೆ, ಸೋಂಕಿಗಲ್ಲ. ಆದರೂ ದಾರಿ ತೆರೆದಿದೆ.

ಆದರೆ ಪ್ರಯೋಗಾಲಯದಿಂದ ರೋಗಿಯವರೆಗೆ ಬರಲು ವರ್ಷಗಳು ಬೇಕು, ನೀವು ಅದಕ್ಕೆ ಕಾಯುತ್ತಾ ಕೂರಬೇಡಿ. ಆರು ವರ್ಷದ ಕಾಟವನ್ನು ಬರೆದಿದ್ದೀರಿ, ಒಂದೇ ಒಂದು ಕಲ್ಚರ್ ರಿಪೋರ್ಟಿನ ಮಾತಿಲ್ಲ. ಮಗಳು ಅಷ್ಟು ದೂರದಲ್ಲಿ ಈ ಬ್ಯಾಕ್ಟೀರಿಯಾದ ಬೆನ್ನು ಹತ್ತಿರುವಾಗ ನೀವು ಇಲ್ಲಿ ಅದರ ಹೆಸರನ್ನಾದರೂ ತಿಳಿಯಬೇಡವೇ? ಯೂರಾಲಜಿಸ್ಟ್ ಹತ್ತಿರ ಹೋಗಿ. ಕಲ್ಚರ್ ಮಾಡಿಸಿ. ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿಯುತ್ತದೆ ಎಂಬುದನ್ನೂ ಸ್ಕ್ಯಾನಿಂಗಿನಲ್ಲಿ ನೋಡಿಸಿ.

ಪ್ರಶ್ನೆ: 61 ವರ್ಷ, ಸಕ್ಕರೆ ಕಾಯಿಲೆ ಇದೆ. ವರ್ಷಕ್ಕೆ ಐದಾರು ಸಲ ಮೂತ್ರದ ಸೋಂಕು. ಡಾಕ್ಟರು ಯೋನಿಯೊಳಗೆ ಹಚ್ಚಲು ಈಸ್ಟ್ರೋಜನ್ ಕ್ರೀಮ್ ಬರೆದಿದ್ದಾರೆ. ಹಾರ್ಮೋನಿನಿಂದ ಕ್ಯಾನ್ಸರ್ ಬರುತ್ತದೆಂದು ಸೊಸೆ ಹೇಳಿದಳು. ಟ್ಯೂಬ್ ಬೀರುವಿನಲ್ಲೇ ಇದೆ.
- ಶಿವಮೊಗ್ಗ

ಉತ್ತರ: ಬೀರುವಿನಿಂದ ತೆಗೆಯಿರಿ, ಅಮ್ಮಾ. ಬೇಕಾದ ಜಾಗಕ್ಕಷ್ಟೇ ಮುಟ್ಟುವ ಮದ್ದು ಇವತ್ತೇ ನಿಮ್ಮ ಕೈಯಲ್ಲಿದೆ. ಮುಟ್ಟು ನಿಂತ ಮೇಲೆ ಒಳ್ಳೆಯ ಲ್ಯಾಕ್ಟೊಬ್ಯಾಸಿಲಸ್ ಕಡಿಮೆಯಾಗಿ ಆ ಜಾಗದಲ್ಲಿ ಇ-ಕೊಲೈ ನೆಲೆಯೂರುತ್ತದೆ. ಕ್ರೀಮ್ ಅದನ್ನು ಸರಿಪಡಿಸುತ್ತದೆ. 1993ರಲ್ಲಿ ಪ್ರಕಟವಾದ ರಾಝ್ ಮತ್ತು ಸ್ಟ್ಯಾಮ್ ಅವರ ಅಧ್ಯಯನದಲ್ಲಿ, ಕ್ರೀಮ್ ಹಚ್ಚಿದವರಿಗೆ ವರ್ಷಕ್ಕೆ ಸರಾಸರಿ 0.5 ಸಲ ಸೋಂಕು ಬಂದರೆ ಔಷಧಿಯಿಲ್ಲದ ಕ್ರೀಮ್ ಹಚ್ಚಿದವರಿಗೆ 5.9 ಸಲ ಬಂತು. ರಕ್ತಕ್ಕೆ ಸೇರುವ ಹಾರ್ಮೋನ್ ಅತ್ಯಲ್ಪ, ನುಂಗುವ ಹಾರ್ಮೋನ್ ಮಾತ್ರೆಯ ಭಯವನ್ನು ಇದಕ್ಕೆ ಅಂಟಿಸಬೇಡಿ. ಗುಣ ಕಾಣಲು ಕೆಲವು ವಾರ ಬೇಕು, ಒಂದು ಟ್ಯೂಬಿಗೇ ನಿಲ್ಲಿಸಬೇಡಿ. ಹಿಂದೆ ಸ್ತನ ಕ್ಯಾನ್ಸರ್ ಆಗಿದ್ದರೆ ಮಾತ್ರ ಆ ವೈದ್ಯರನ್ನು ಕೇಳಿ ಶುರುಮಾಡಿ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ತಕ್ಷಣ ತೋರಿಸಿ. ಮೂರು ತಿಂಗಳ ಸಕ್ಕರೆ ಲೆಕ್ಕ ಹೇಳುವ ಎಚ್‌ಬಿಎ1ಸಿ ಮಾಡಿಸಿ.

ಪ್ರಶ್ನೆ: 58 ವರ್ಷದ ಗಂಡಸು. ಹೆಲ್ತ್ ಚೆಕಪ್‌ನಲ್ಲಿ ಮೂತ್ರದಲ್ಲಿ ಪಸ್ ಸೆಲ್ ಮತ್ತು ಬ್ಯಾಕ್ಟೀರಿಯಾ ಬಂದಿದೆ. ಏನೂ ತೊಂದರೆಯಿಲ್ಲ. ಮಾತ್ರೆ ಬೇಕೇ?
- ತುಮಕೂರು

ಉತ್ತರ: ಉರಿ, ಜ್ವರ ಏನೂ ಇಲ್ಲದಿದ್ದರೆ ಆ್ಯಂಟಿಬಯಾಟಿಕ್ ಬೇಡ. ರಿಪೋರ್ಟಿಗೆ ಔಷಧಿ ಕೊಡುವುದಿಲ್ಲ, ರೋಗಿಗೆ ಕೊಡುತ್ತೇವೆ. ಗರ್ಭಿಣಿಯರು ಮತ್ತು ಮೂತ್ರಾಂಗಗಳ ಶಸ್ತ್ರಚಿಕಿತ್ಸೆಗೆ ಹೊರಟವರ ವಿಷಯ ಬೇರೆ. ಆದರೆ ರಾತ್ರಿ ಎರಡು ಮೂರು ಸಲ ಏಳುವುದು, ಧಾರೆ ಸಣ್ಣದಾಗುವುದು, ಮೂತ್ರದಲ್ಲಿ ರಕ್ತ ಕಾಣುವುದು ಇದ್ದರೆ ಪ್ರೊಸ್ಟೇಟ್ ಸ್ಕ್ಯಾನಿಂಗ್ ತಪ್ಪಿಸಬೇಡಿ. ಮುಂದೆ ಎಂದಾದರೂ ಉರಿ ಬಂದರೆ ನಿಮಗೂ ಅದೇ ಮಾತು: ಮೊದಲು ಕಲ್ಚರ್, ಆಮೇಲೆ ಮಾತ್ರೆ.