ಸೆಮಿನಾರ್ ಮುಗಿದ ಸಂಜೆಗೆ ಒಂಬತ್ತು ಸೂತ್ರಗಳು

ಕೊನೆಯ ಸ್ಲೈಡಿನಲ್ಲಿ ‘ಧನ್ಯವಾದಗಳು’ ಬಂತು, ಚಪ್ಪಾಳೆಯೂ ಬಿತ್ತು. ಪೆನ್‌ಡ್ರೈವ್ ಕಿತ್ತುಕೊಂಡು ಗೆಳೆಯರ ಜೊತೆ ಕ್ಯಾಂಟೀನಿನತ್ತ ಹೊರಟಿರಿ. ಹದಿನೈದು ದಿನದ ತಯಾರಿ, ಹತ್ತು ನಿಮಿಷದ ಮಾತು. ಆಮೇಲೆ ಅದರ ಬಗ್ಗೆ ಒಂದು ನಿಮಿಷದ ಯೋಚನೆಯೂ ಇಲ್ಲ. ಹೀಗಾಗಿಯೇ ಎಷ್ಟೋ ವಿದ್ಯಾರ್ಥಿಗಳು ಮೊದಲ ಸೆಮಿನಾರಿನಲ್ಲಿ ಮಾಡಿದ ತಪ್ಪನ್ನೇ ಕೊನೆಯ ವರ್ಷದ ವೈವಾದಲ್ಲೂ ಮಾಡುತ್ತಾರೆ. ಆಡಿದ ಮಾತನ್ನು ತಿರುಗಿ ನೋಡಿದಾಗಲೇ ಮಾತು ಪಳಗುವುದು. ಅದಕ್ಕೆ ಒಂದು ಸಂಜೆ, ಒಂದು ನೋಟ್‌ಬುಕ್ ಸಾಕು.

1. ಚಹಾಕ್ಕೆ ಮುಂಚೆ ಐದು ನಿಮಿಷ ಬರೆಯಿರಿ

ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ತನ್ನ ನೆನಪಿನ ಮೇಲೆ ತಾನೇ ಪ್ರಯೋಗ ನಡೆಸಿ 1885ರಲ್ಲಿ ಪ್ರಕಟಿಸಿದ ಪುಸ್ತಕ ಹೇಳುವುದು ಇಷ್ಟು: ಮರೆವಿನ ಓಟ ಮೊದಲ ಕೆಲವು ಗಂಟೆಗಳಲ್ಲೇ ಅತಿ ಜೋರು. ಆದ್ದರಿಂದ ಬಿಸಿ ಆರುವ ಮೊದಲೇ ಮೂರು ಸಂಗತಿ ಗೀಚಿಡಿ. ಎಲ್ಲಿ ಕೇಳುಗರು ತಲೆ ಎತ್ತಿ ನೋಡಿದರು? ಎಲ್ಲಿ ನೀವು ತಡವರಿಸಿದಿರಿ? ಯಾರು ಏನು ಪ್ರಶ್ನೆ ಕೇಳಿದರು? ಪ್ರಶ್ನೆಯನ್ನು ಕೇಳಿದವರ ಮಾತಿನಲ್ಲೇ ಬರೆದಿಡಿ.

2. ನಡೆದದ್ದು ಒಂದು ಕಡೆ, ಅನಿಸಿದ್ದು ಇನ್ನೊಂದು ಕಡೆ

ಹಾಳೆಯ ನಡುವೆ ಗೆರೆ ಎಳೆಯಿರಿ. ‘ಮಾನ ಹೋಯಿತು’ ಎಂಬುದು ಅನಿಸಿದ್ದು. ‘ಮೂರನೇ ಸ್ಲೈಡಿನಲ್ಲಿ ಮರೆತು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ’ ಎಂಬುದು ನಡೆದದ್ದು. ಗ್ರಹಾಂ ಗಿಬ್ಸ್ 1988ರಲ್ಲಿ ಕೊಟ್ಟ ಆರು ಹಂತದ ಆತ್ಮಾವಲೋಕನ ಚಕ್ರದಲ್ಲೂ ಘಟನೆಯ ವಿವರ ಮೊದಲು, ಭಾವನೆ ಎರಡನೆಯದು. ಒಳ್ಳೆಯದು ಕೆಟ್ಟದ್ದರ ತೀರ್ಪು ಅದಾದ ಮೇಲೆ. ಈ ಕ್ರಮ ತಪ್ಪಿದರೆ ಒಂದು ಸಣ್ಣ ತೊಡರು ಇಡೀ ಸೆಮಿನಾರನ್ನೇ ನುಂಗಿಬಿಡುತ್ತದೆ.

3. ನಿಮ್ಮ ನಡುಕ ಅಷ್ಟೇನೂ ಕಂಡಿಲ್ಲ

ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಪ್ರಯೋಗವಿದು. ಗಾಯಕರೊಬ್ಬರ ಚಿತ್ರವಿದ್ದ, ಮುಜುಗರ ತರುವಂಥ ಟಿ-ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಒಂದು ಕೋಣೆಗೆ ಕಳಿಸಿದರು. ಅಲ್ಲಿದ್ದವರಲ್ಲಿ ಅರ್ಧದಷ್ಟು ಜನ ಗಮನಿಸಿರುತ್ತಾರೆ ಎಂದು ತೊಟ್ಟವರು ಎಣಿಸಿದ್ದರು. ನಿಜಕ್ಕೂ ಗಮನಿಸಿದವರು ಸುಮಾರು ಕಾಲು ಭಾಗ. 2003ರಲ್ಲಿ ಭಾಷಣಕಾರರ ಅಳುಕಿನ ವಿಷಯದಲ್ಲೂ ಇದೇ ಕಂಡುಬಂತು: ತಮ್ಮ ಅಳುಕು ಎಲ್ಲರಿಗೂ ಕಾಣುತ್ತಿದೆ ಎಂದುಕೊಂಡಷ್ಟು ಅದು ಕೇಳುಗರಿಗೆ ಕಂಡಿರಲಿಲ್ಲ. ಈ ಸತ್ಯವನ್ನು ಮೊದಲೇ ತಿಳಿದವರು ಇನ್ನೂ ಚೆನ್ನಾಗಿ ಮಾತಾಡಿದರು. ನಿಮಗೂ ಈಗ ತಿಳಿಯಿತು.

4. ರೆಕಾರ್ಡಿಂಗನ್ನು ಎರಡು ಸಲ ನೋಡಿ

ಗೆಳೆಯರು ಯಾರಾದರೂ ನಿಮ್ಮ ಮಾತನ್ನು ಮೊಬೈಲಿನಲ್ಲಿ ಸೆರೆಹಿಡಿದಿದ್ದರೆ, ಒಮ್ಮೆ ಧ್ವನಿ ಬಂದ್ ಮಾಡಿ ನೋಡಿ: ಕೈ ಎಲ್ಲಿತ್ತು, ಕಣ್ಣು ಪರದೆಗೆ ಅಂಟಿತ್ತೇ? ಇನ್ನೊಮ್ಮೆ ಕಣ್ಣು ಮುಚ್ಚಿ ಕಿವಿಯಿಂದ ಮಾತ್ರ. ‘ಇದು ನನ್ನ ದನಿಯೇ?’ ಎಂದು ಗಾಬರಿ ಬೀಳಬೇಡಿ. ಮಾತಾಡುವಾಗ ನಮ್ಮ ದನಿ ತಲೆಬುರುಡೆಯ ಮೂಳೆಯ ಮೂಲಕವೂ ಕಿವಿಗೆ ಬರುತ್ತದೆ. ರೆಕಾರ್ಡಿಂಗಿನಲ್ಲಿ ಆ ಪಾಲು ಇರುವುದಿಲ್ಲ. ‘ಏನಪ್ಪಾ ಅಂದ್ರೆ’, ‘ಆಕ್ಚುಲಿ’, ‘ಸೋ’ ಎಷ್ಟು ಸಲ ಬಂದವೆಂದು ಎಣಿಸಿ. 1924ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ ಇವತ್ತು ಬೆಂಗಳೂರಿನಲ್ಲೂ ಇರುವ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬುಗಳಲ್ಲಿ ಇಂಥ ತುಂಬುಪದಗಳನ್ನು ಎಣಿಸುವುದಕ್ಕೆಂದೇ ಒಬ್ಬರು ಕೂತಿರುತ್ತಾರೆ.

5. ನಿಮಿಷದ ಲೆಕ್ಕ ಬರೆಯಿರಿ

ಪೀಠಿಕೆಗೆ ಎಷ್ಟು, ವಿಧಾನಕ್ಕೆ ಎಷ್ಟು, ನಿಮ್ಮ ಸ್ವಂತ ಕೆಲಸಕ್ಕೆ ಎಷ್ಟು? ಹತ್ತರಲ್ಲಿ ಆರು ನಿಮಿಷ ಪೀಠಿಕೆಯೇ ತಿಂದಿದ್ದರೆ, ಫಲಿತಾಂಶವನ್ನು ನೀವು ಓಡುತ್ತಾ ಹೇಳಿದ್ದೀರಿ. ಬೇರೆಯವರ ಪುಸ್ತಕದಲ್ಲಿ ಸಿಗುವ ವಿಷಯಕ್ಕೆ ಹೆಚ್ಚು ಹೊತ್ತು, ನಿಮ್ಮಿಂದ ಮಾತ್ರ ಸಿಗುವ ವಿಷಯಕ್ಕೆ ಕಡಿಮೆ ಹೊತ್ತು ಆಗಬಾರದು.

6. ‘ಹೇಗಿತ್ತು?’ ಎಂದು ಕೇಳಬೇಡಿ

ಉತ್ತರ ಗೊತ್ತೇ ಇದೆ: ‘ಸೂಪರ್ ಕಣೋ.’ ಅದು ಪ್ರೀತಿಯ ಮಾತು, ಅದರಿಂದ ಕಲಿಯುವುದು ಏನೂ ಇಲ್ಲ. ಗೆಳೆಯನಿಗೆ, ‘ನಾನು ಹೇಳಿದ ಮುಖ್ಯ ವಿಷಯ ಏನು, ಒಂದೇ ವಾಕ್ಯದಲ್ಲಿ ಹೇಳು’ ಅನ್ನಿ. ಅವನು ಹೇಳಿದ್ದು ನೀವು ಅಂದುಕೊಂಡದ್ದೇ ಆಗಿದ್ದರೆ ಗೆದ್ದಿರಿ. ಮೇಷ್ಟ್ರ ಹತ್ತಿರ, ‘ಸರ್, ಒಂದೇ ಒಂದು ಬದಲಾಯಿಸಬೇಕು ಅಂದ್ರೆ ಯಾವುದು?’ ಎಂದು ಕೇಳಿ. ಅವರು ಹೇಳುವಾಗ ಸಮರ್ಥನೆಗೆ ಇಳಿಯದೆ ಬರೆದುಕೊಳ್ಳಿ.

7. ಪ್ರಶ್ನೆಗಳನ್ನು ಮೂರು ಗುಂಪು ಮಾಡಿ

ಇಡೀ ಸಂಜೆಯ ಸಾರ ಇರುವುದು ಇಲ್ಲೇ, ಅವಸರ ಮಾಡಬೇಡಿ.

ಮೊದಲ ಗುಂಪು, ಉತ್ತರ ಗೊತ್ತಿರಲಿಲ್ಲ. ಇದಕ್ಕೆ ಮದ್ದು ಓದು. ಉತ್ತರ ಹುಡುಕಿ, ಕೇಳಿದವರ ಬಳಿ ಹೋಗಿ ತಿಳಿಸಿ. ಈ ಒಂದು ನಡೆಯನ್ನು ಅವರು ಬೇಗ ಮರೆಯುವುದಿಲ್ಲ.

ಎರಡನೆಯದು, ಗೊತ್ತಿತ್ತು, ಬಾಯಿಗೆ ಬರಲಿಲ್ಲ. ಇದಕ್ಕೆ ಮದ್ದು ಅಭ್ಯಾಸ. ಗೆಳತಿಯನ್ನು ಎದುರು ಕೂರಿಸಿಕೊಂಡು ಅದೇ ಪ್ರಶ್ನೆ ಮೂರು ಸಲ ಕೇಳಿಸಿಕೊಳ್ಳಿ, ಜೋರಾಗಿ ಉತ್ತರಿಸಿ.

ಮೂರನೆಯದು, ನಾನು ಬಿಡಿಸಿ ಹೇಳದ್ದರಿಂದ ಹುಟ್ಟಿದ ಪ್ರಶ್ನೆ. ‘ಈ ನಕ್ಷೆಯಲ್ಲಿ ಕೆಂಪು ಗೆರೆ ಯಾವುದು?’ ಎಂದು ಯಾರಾದರೂ ಕೇಳಿದ್ದರೆ ಓದೂ ಬೇಡ, ಅಭ್ಯಾಸವೂ ಬೇಡ, ಸ್ಲೈಡನ್ನು ತಿದ್ದಿ. ಮೂರಕ್ಕೂ ಒಂದೇ ಮದ್ದು ಕೊಡಲು ಹೊರಟರೆ ಯಾವುದೂ ವಾಸಿಯಾಗುವುದಿಲ್ಲ.

8. ಸರಿಹೋದದ್ದನ್ನು ಕಾರಣ ಸಮೇತ ಬರೆಯಿರಿ

‘ಆರಂಭ ಚೆನ್ನಾಗಿತ್ತು’ ಸಾಲದು. ‘ನಮ್ಮೂರ ಕೆರೆಯ ಉದಾಹರಣೆಯಿಂದ ಶುರು ಮಾಡಿದೆ, ಎಲ್ಲರೂ ಮೊಬೈಲ್ ಕೆಳಗಿಟ್ಟರು’ ಎಂದು ಬರೆದರೆ ಅದು ಮುಂದೆಯೂ ಕೈಗೆ ಸಿಗುತ್ತದೆ. ಕೊರತೆಯೊಳಗೆ ಗುಣ ಅಡಗಿದೆಯೇ ಎಂದೂ ನೋಡಿ. ಇಂಗ್ಲೆಂಡಿನಲ್ಲಿ ಕಾನೂನು ಓದುತ್ತಿದ್ದ ಗಾಂಧೀಜಿ ವೆಂಟ್ನರಿನ ಸಸ್ಯಾಹಾರಿಗಳ ಸಭೆಗೆ ಒಂದು ಹಾಳೆಯಷ್ಟು ಭಾಷಣ ಬರೆದುಕೊಂಡು ಹೋಗಿದ್ದರು. ಓದಲು ಎದ್ದರೆ ಕಣ್ಣು ಮಂಜಾಯಿತು, ಮೈ ನಡುಗಿತು. ಅದನ್ನು ಬೇರೊಬ್ಬರು ಓದಬೇಕಾಯಿತು. ಆ ಅಳುಕೇ ತಮಗೆ ಮಾತಿನ ಮಿತವ್ಯಯ ಕಲಿಸಿತೆಂದು ಅವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ನಿಮ್ಮ ಮಾತು ನಿಧಾನವೇ? ಹಾಗಾದರೆ ಕಡಿಮೆ ವಾಕ್ಯ, ಆಯ್ದ ಪದ. ಅದೇ ನಿಮ್ಮ ಶೈಲಿಯಾಗಲಿ.

9. ಒಂದೇ ಒಂದು ಬದಲಾವಣೆ ಆರಿಸಿ

ಹಾಳೆಯಲ್ಲಿ ಹತ್ತು ಕೊರತೆ ಕಂಡಿರಬಹುದು. ಹತ್ತನ್ನೂ ಒಟ್ಟಿಗೆ ಹಿಡಿದರೆ ಮುಂದಿನ ಸಲ ಕೈಕಾಲೇ ಆಡುವುದಿಲ್ಲ. ‘ಚೆನ್ನಾಗಿ ಮಾಡ್ತೀನಿ’ ಎಂಬುದು ಹಾರೈಕೆ. ‘ಮೊದಲ ಮೂರು ವಾಕ್ಯ ಬಾಯಿಪಾಠ ಮಾಡಿ, ಪರದೆ ನೋಡದೆ ಹೇಳ್ತೀನಿ’ ಎಂಬುದು ಕೆಲಸ. ಅಂಥ ಒಂದು ವಾಕ್ಯವನ್ನು ಮುಂದಿನ ಸೆಮಿನಾರಿನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ, ತಲೆಬರಹಕ್ಕಿಂತಲೂ ಮೇಲೆ ಬರೆಯಿರಿ. ವಿಷಯ ಇನ್ನೂ ಗೊತ್ತಾಗಿರುವುದಿಲ್ಲ, ದಿನಾಂಕವೂ ಬಂದಿರುವುದಿಲ್ಲ. ಆದರೂ ಮುಂದಿನ ಸೆಮಿನಾರಿನ ತಯಾರಿ ಇವತ್ತೇ ಶುರುವಾಗಿರುತ್ತದೆ. ಈಗ ಧಾರಾಳವಾಗಿ ಚಹಾಕ್ಕೆ ಹೋಗಿ.