ಇರುಸಿನ ಭಾರ ಮತ್ತು ರಸ್ತೆಯ ಆಯುಷ್ಯ

ಹೊಸದಾಗಿ ಡಾಂಬರು ಕಂಡ ರಸ್ತೆಯು ಕೆಲವೇ ಮಳೆಗಾಲಗಳಲ್ಲಿ ಕುಸಿದರೆ ಜನರು ಮಳೆಯನ್ನೋ ಕಾಮಗಾರಿಯನ್ನೋ ದೂರುವುದುಂಟು. ಇವೆರಡೂ ಕಾರಣಗಳಾಗಬಹುದಾದರೂ ಮೂರನೆಯದೊಂದು ಕಾರಣವುಂಟು: ಅದರ ಮೇಲೆ ಸಾಗುವ ಭಾರವನ್ನು ಮೊದಲೇ ಸರಿಯಾಗಿ ಎಣಿಸದಿರುವುದು.

ರಸ್ತೆಯನ್ನು ಸವೆಸುವುದು ವಾಹನದ ಒಟ್ಟು ತೂಕಕ್ಕಿಂತ ಮಿಗಿಲಾಗಿ, ಪ್ರತಿಯೊಂದು ಇರುಸು, ಎಂದರೆ ಆಕ್ಸಲ್, ತನ್ನ ಗಾಲಿಗಳ ಮೂಲಕ ಇಳಿಸುವ ಭಾರ. ಅಮೆರಿಕದ ಇಲಿನಾಯ್ ಸಂಸ್ಥಾನದ ಒಟ್ಟಾವದ ಬಳಿ 1958ರಿಂದ 1960ರವರೆಗೆ ಪ್ರಯೋಗ ರಸ್ತೆಗಳ ಮೇಲೆ ಭಾರ ಹೇರಿದ ಲಾರಿಗಳನ್ನು ಓಡಿಸಿ ಪರೀಕ್ಷಿಸಲಾಯಿತು. ಹಾನಿಯು ಇರುಸಿನ ಭಾರದ ಸರಿಸುಮಾರು ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುವುದೆಂಬ ನಿಯಮವು ಅದರಿಂದ ದೊರಕಿತು. ಜೋಡಿ ಗಾಲಿಗಳುಳ್ಳ 8.16 ಟನ್ನಿನ ಒಂಟಿ ಇರುಸು ಇಲ್ಲಿ ಪ್ರಮಾಣವೆನಿಸಿದೆ. ಇದರ ಇಮ್ಮಡಿ ಭಾರವು ಒಮ್ಮೆ ಹಾಯ್ದರೆ ಹಾನಿಯು ಎರಡು ಪಟ್ಟಲ್ಲ, ಹದಿನಾರು ಪಟ್ಟು. 2018ರಲ್ಲಿ ಭಾರತ ಸರ್ಕಾರವು ನಾಲ್ಕು ಗಾಲಿಗಳ ಒಂಟಿ ಇರುಸಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಭಾರ ಹೆಚ್ಚಿದ್ದು ಶೇಕಡಾ 13ರಷ್ಟು. ಹಾನಿಯ ಲೆಕ್ಕವಾದರೋ ಶೇಕಡಾ 60ಕ್ಕೂ ಮಿಗಿಲು.

ಆದುದರಿಂದ ರಸ್ತೆಯ ದಪ್ಪವನ್ನು ನಿರ್ಧರಿಸುವ ಮುನ್ನ ಎರಡು ಬಗೆಯ ಮಾಹಿತಿ ಬೇಕು. ಮೊದಲನೆಯದು, ಏಳು ದಿನ ಹಗಲಿರುಳು ನಡೆಸುವ ವಾಹನಗಳ ಎಣಿಕೆ. ಕಾರು, ಮೋಟಾರ್ ಸೈಕಲ್ಲುಗಳಿಂದಾಗುವ ಹಾನಿ ತೀರ ಅಲ್ಪವಾದ್ದರಿಂದ ಲಾರಿ, ಬಸ್ಸುಗಳಂತಹ ಭಾರವಾಹನಗಳೇ ಇಲ್ಲಿ ಮುಖ್ಯ. ಎರಡನೆಯದು, ಕೆಲವು ವಾಹನಗಳನ್ನು ನಿಲ್ಲಿಸಿ ಒಂದೊಂದು ಇರುಸನ್ನೂ ತೂಗುವುದು. ಒಂದು ವಾಹನವು ಸರಾಸರಿ ಎಷ್ಟು ಪ್ರಮಾಣ ಇರುಸುಗಳಿಗೆ ಸಮನೆಂಬುದು ಇದರಿಂದ ತಿಳಿಯುತ್ತದೆ. ಇದೇ ವಾಹನ ಹಾನಿ ಗುಣಕ.

ಒಂದು ಲೆಕ್ಕವನ್ನು ನೋಡಬಹುದು. ರಸ್ತೆಯ ಒಂದು ಪಥದಲ್ಲಿ ದಿನಕ್ಕೆ 500 ಭಾರವಾಹನಗಳು ಸಾಗುವುವೆಂದೂ, ಸಂಖ್ಯೆಯು ವರ್ಷಕ್ಕೆ ಶೇಕಡಾ 5ರಂತೆ ಬೆಳೆಯುವುದೆಂದೂ, ಗುಣಕವು 2.5 ಎಂದೂ ಭಾವಿಸೋಣ. ಹದಿನೈದು ವರ್ಷಗಳಲ್ಲಿ ಆ ಪಥವು ಹೊರಬೇಕಾದುದು ಸುಮಾರು 98 ಲಕ್ಷ ಪ್ರಮಾಣ ಇರುಸುಗಳನ್ನು. ಈ ಮೊತ್ತವನ್ನೂ ತಳದ ಮಣ್ಣಿನ ಬಲವನ್ನೂ ಕೂಡಿಸಿ ಜಲ್ಲಿ ಮತ್ತು ಡಾಂಬರು ಪದರಗಳ ದಪ್ಪವನ್ನು ಗೊತ್ತುಮಾಡುತ್ತಾರೆ. ಆದರೆ ಲಾರಿಗಳು ಅತಿಭಾರ ಹೊತ್ತು ನಿಜವಾದ ಗುಣಕವು 4 ಆಗಿದ್ದರೆ, ಅದೇ 98 ಲಕ್ಷವು ಹತ್ತೂವರೆ ವರ್ಷಗಳಲ್ಲಿಯೇ ತುಂಬಿಹೋಗುತ್ತದೆ. ಉಳಿದ ನಾಲ್ಕೂವರೆ ವರ್ಷಗಳ ವೆಚ್ಚವು ಸಾರ್ವಜನಿಕರ ಹಣದಿಂದಲೇ ಬರಬೇಕು.

ಭಾರತೀಯ ರಸ್ತೆ ಕಾಂಗ್ರೆಸ್ಸಿನ 1970ರ ಮಾರ್ಗಸೂಚಿಯು ದಿನವೊಂದರ ವಾಹನ ಸಂಖ್ಯೆಯನ್ನೇ ಆಧಾರವಾಗಿರಿಸಿಕೊಂಡಿತ್ತು. 1984ರ ಪರಿಷ್ಕರಣವು ಸಂಚಿತ ಪ್ರಮಾಣ ಇರುಸುಗಳ ಲೆಕ್ಕವನ್ನು ತಂದಿತು. ಲೆಕ್ಕವು ಎಷ್ಟು ಸೂಕ್ಷ್ಮವಾದರೂ ರಸ್ತೆಯ ಬದಿಯಲ್ಲಿ ನಿಂತು ತೂಗುವಾತನ ಪ್ರಾಮಾಣಿಕತೆಯೇ ಅದರ ಬುನಾದಿ. ಅಲ್ಲಿ ತಪ್ಪಿದ ಅಂಕಿಯನ್ನು ಮುಂದೆ ಯಾವ ಸೂತ್ರವೂ ತಿದ್ದಲಾರದು.